ಡೆಕ್ಕನ್ ಲಾವಾ ಬಂದಿದ್ದು ಎಲ್ಲಿಂದ? ನೆಲದ ಕೆಳಗೆ ಲಾವಾ ಸಮುದ್ರ ಇದೆಯಾ, ಇಲ್ಲವಾ?

ಶೈಲಾ_ಧಾರವಾಡ:
ಜ್ವಾಲಾಮುಖಿಯ ವಿಡಿಯೋ ಹಾಕಿದಾಗಲೆಲ್ಲ ಇಲ್ಲಿ ಒಂದೇ ಮಾತು ಬರುತ್ತದೆ. “ಭೂಮಿಯ ಸಿಪ್ಪೆಯ ಕೆಳಗೆಲ್ಲ ಲಾವಾ ಕುದಿಯುತ್ತಿದೆ, ಎಲ್ಲಿ ತೂತು ಬಿದ್ದರೂ ಉಕ್ಕುತ್ತದೆ.” ಇದನ್ನು ಇನ್ನಾದರೂ ಬಿಡೋಣ. ಸಿಪ್ಪೆಯ ಕೆಳಗಿರುವುದು ಮ್ಯಾಂಟಲ್. ಸುಮಾರು 2,900 ಕಿ.ಮೀ. ಆಳದವರೆಗೂ ಅದು ಗಟ್ಟಿ ಕಲ್ಲು. ಭೂಕಂಪದ ಎಸ್ ಅಲೆಗಳು ದ್ರವವನ್ನು ದಾಟುವುದಿಲ್ಲ. ಮ್ಯಾಂಟಲನ್ನು ದಾಟುತ್ತವೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಮ್ಯಾಗ್ಮಾ, ಅಂದರೆ ನೆಲದೊಳಗೆ ಕರಗಿದ ಕಲ್ಲು, ಆಗುವುದು ಕೆಲವೇ ಜಾಗಗಳಲ್ಲಿ. ಅಲ್ಲೂ ಕಲ್ಲು ಪೂರ್ತಿ ಕರಗುವುದಿಲ್ಲ, ಸ್ವಲ್ಪ ಭಾಗ ಮಾತ್ರ ಕರಗುತ್ತದೆ. ಬಹುಪಾಲು ಕಡೆ ಅದಕ್ಕೆ ಶಾಖ ಏರಬೇಕಾಗಿಯೂ ಇಲ್ಲ. ಆಳದ ಬಿಸಿ ಕಲ್ಲು ನಿಧಾನವಾಗಿ ಮೇಲೆದ್ದು ಬಂದರೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಸಾಕು, ಇದ್ದ ಬಿಸಿಯಲ್ಲೇ ಕರಗಲು ಶುರು. ಸಾಗರಗಳ ನಡುವಿನ ಬೆಟ್ಟಸಾಲುಗಳಲ್ಲಿ ನಡೆಯುವುದು ಇದೇ. ಅಲ್ಲಿ ಹುಟ್ಟುವ ಬಸಾಲ್ಟ್ ಎಂಬ ಕರಿ ಲಾವಾ ಕಲ್ಲಿನಿಂದಲೇ ಸುಮಾರು 7 ಕಿ.ಮೀ. ದಪ್ಪದ ಸಾಗರದ ಸಿಪ್ಪೆ ಆಗಿದೆ.

ಇನ್ನೊಂದು ದಾರಿ ನೀರು. ಅಂಡಮಾನ್ ಹತ್ತಿರ ಭಾರತದ ಕಡೆಯ ಪ್ಲೇಟ್, ಅಂದರೆ ಭೂಮಿಯ ಮೇಲ್ಪದರದ ದೊಡ್ಡ ತುಂಡು, ಕೆಳಗೆ ಜಾರುತ್ತಿದೆ. ಅದರ ಖನಿಜಗಳಲ್ಲಿ ಸೇರಿಕೊಂಡ ನೀರು ಸುಮಾರು 100 ಕಿ.ಮೀ. ಆಳದಲ್ಲಿ ಬಿಡುಗಡೆಯಾಗಿ ಮೇಲಿನ ಮ್ಯಾಂಟಲ್‌ಗೆ ಸೇರುತ್ತದೆ. ನೀರು ಸೇರಿದ ಕಲ್ಲು ನೂರಾರು ಡಿಗ್ರಿ ಕಡಿಮೆ ಶಾಖದಲ್ಲೇ ಕರಗುತ್ತದೆ. ಅಲ್ಲಿನ ಜ್ವಾಲಾಮುಖಿ ಬ್ಯಾರನ್ ದ್ವೀಪ ಹುಟ್ಟಿದ್ದು ಹಾಗೆ. ಮೂರನೆಯದು ಮಾತ್ರ ನೇರ ಶಾಖದ ದಾರಿ: ಖಂಡದ ಸಿಪ್ಪೆಯ ತಳಕ್ಕೆ ಬಿಸಿ ಬಸಾಲ್ಟ್ ಬಂದು ನಿಂತರೆ ಸಿಪ್ಪೆಯೇ ಕರಗಿ ಗ್ರಾನೈಟ್ ಮ್ಯಾಗ್ಮಾ ಆಗುತ್ತದೆ. ಎಲ್ಲಿ, ಯಾವುದು, ಹೇಗೆ ಕರಗಿತು ಎನ್ನುವುದರ ಮೇಲೆ ಮ್ಯಾಗ್ಮಾದ ಗುಣ ನಿಂತಿದೆ. ಎಲ್ಲಾ ಜ್ವಾಲಾಮುಖಿಗಳಿಗೂ ಸೇರಿ ಕೆಳಗೆ ಒಂದೇ ದೊಡ್ಡ ಕೊಳ ಅಂತ ಏನೂ ಇಲ್ಲ.

ಕೋಲಾರ_ಗಣಿಮಗ:
“ಶಾಖ ಏರಬೇಕಾಗಿಯೂ ಇಲ್ಲ” ಅಂದಿರಲ್ಲ, ಅಲ್ಲೇ ನಿಲ್ಲಿ. ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿ ಇಳಿದವರು. ಆ ಗಣಿ 3.2 ಕಿ.ಮೀ. ಆಳ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಅಂದರೆ ಒಂದು ಕಿಲೋಮೀಟರ್‌ಗೆ ಹನ್ನೊಂದು ಹನ್ನೆರಡು ಡಿಗ್ರಿ ಏರಿಕೆ. ಇದೇ ಲೆಕ್ಕದಲ್ಲಿ 100 ಕಿ.ಮೀ. ಹೋಗಿ. 1,200 ಡಿಗ್ರಿ. ಬಸಾಲ್ಟ್ ಲಾವಾ ಹರಿಯುವುದು ಎಷ್ಟು ಡಿಗ್ರಿಗೆ? ಅದೇ 1,100ರಿಂದ 1,200. ಹಾಗಾದರೆ ಅಲ್ಲಿ ಕಲ್ಲು ಗಟ್ಟಿಯಾಗಿ ಹೇಗಿರುತ್ತದೆ? ಪುಸ್ತಕ ಬದಿಗಿಟ್ಟು ಲೆಕ್ಕ ಹಾಕಿ.

ಶೈಲಾ_ಧಾರವಾಡ:
ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ. 100 ಕಿ.ಮೀ. ಆಳದಲ್ಲಿ ಒತ್ತಡ ನೆಲದ ಮೇಲಿನದಕ್ಕಿಂತ ಸುಮಾರು 30,000 ಪಟ್ಟು. ಅಷ್ಟು ಒತ್ತಡದಲ್ಲಿ ಒಣ ಮ್ಯಾಂಟಲ್ ಕಲ್ಲು ಕರಗಲು 1,500 ಡಿಗ್ರಿಯ ಆಸುಪಾಸು ಬೇಕು. ನಿಮ್ಮ 1,200 ಸಾಲುವುದಿಲ್ಲ. ಕುಕ್ಕರ್‌ನಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ ಅಲ್ವಾ? ಒತ್ತಡ ಬಿಟ್ಟ ಕೂಡಲೇ ಕುದಿ. ಅದೇ ಲೆಕ್ಕ ಇದು. ಆ ಕಲ್ಲು ಮೇಲೆದ್ದು 50, 60 ಕಿ.ಮೀ. ಆಳಕ್ಕೆ ಬಂದರೆ ಕರಗಲು ಬೇಕಾದ ಶಾಖದ ಮಟ್ಟವೇ ಕೆಳಗಿಳಿದಿರುತ್ತದೆ.

ಕೋಲಾರ_ಗಣಿಮಗ:
ಕುಕ್ಕರ್‌ಗೂ ಕೆಳಗೆ ಒಲೆ ಬೇಕು ಮೇಡಂ.

ಬಸವರಾಜ_ವಿಜಯಪುರ:
ನಾನು ಬೇರೆ ಕೇಳುತ್ತೇನೆ. “ಒತ್ತಡ ಇಳಿದರೆ ಸಾಕು” ಅಂತೀರಿ. ನಮ್ಮ ಕಡೆ ಒತ್ತಡ ಇಳಿಸಿದವರು ಯಾರು? ವಿಜಯಪುರ, ಕಲಬುರಗಿ, ಬೆಳಗಾವಿಯ ಉತ್ತರ ಭಾಗ, ಆಮೇಲೆ ಮಹಾರಾಷ್ಟ್ರದ ಬಹುಪಾಲು, ಮಾಳವಾ, ಸೌರಾಷ್ಟ್ರ. ಈ ಡೆಕ್ಕನ್ ಲಾವಾದಲ್ಲಿ ಇವತ್ತು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿ.ಮೀ. ಕರಿಕಲ್ಲು, ಅಂದರೆ ಬಸಾಲ್ಟ್. ಗೋಲಗುಮ್ಮಟ ಕಟ್ಟಿದ್ದು ಅದೇ ಕಲ್ಲಿನಿಂದ. ನಮ್ಮ ಎರೆಭೂಮಿ ಆಗಿದ್ದೂ ಅದೇ ಕಲ್ಲು ಪುಡಿಯಾಗಿ. 6.6 ಕೋಟಿ ವರ್ಷದ ಹಿಂದೆ ಇದರ ಬಹುಪಾಲು ಹರಿದಿದ್ದು 10 ಲಕ್ಷ ವರ್ಷಕ್ಕೂ ಕಡಿಮೆ ಅವಧಿಯಲ್ಲಿ. ಸುಮ್ನೆ ಬೆಟ್ಟಸಾಲಿನ ಹಾಗೆ ನಿಧಾನಕ್ಕೆ ಮೇಲೆದ್ದ ಮ್ಯಾಂಟಲ್‌ನಿಂದ ಇಷ್ಟು ಬರುವುದಿಲ್ಲ. ಇದಕ್ಕೆ ಆಳದಿಂದ ಎದ್ದ ಜಾಸ್ತಿ ಬಿಸಿಯ ಕಂಬವೇ ಬೇಕು, ಅಂದರೆ ಪ್ಲೂಮ್. ಆಗ ಅದರ ಮೇಲೆ ನಾವಿದ್ದೆವು, ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ ಇದೆ. ಆದ್ದರಿಂದ ಶಾಖ ಬೇಕಿಲ್ಲ ಅನ್ನುವ ನಿಮ್ಮ ಮಾತು ನಮ್ಮ ನೆಲದಲ್ಲೇ ಸುಳ್ಳಾಗುತ್ತದೆ.

ಪ್ರಶ್ನೆಕಾರ:
“ಪ್ಲೂಮೇ ಬೇಕು” ಎಂದು ತೀರ್ಪು ಕೊಟ್ಟವರು ಯಾರು ಸರ್? ಐಐಟಿ ಬಾಂಬೆಯ ಭೂವಿಜ್ಞಾನಿ ಹೇತು ಶೇಠ್ ವರ್ಷಗಟ್ಟಲೆ ಇದನ್ನೇ ಪ್ರಶ್ನಿಸಿದ್ದಾರೆ. ನರ್ಮದಾ ಕಣಿವೆ, ಖಂಭಾತ್ ಕಣಿವೆ, ಎರಡೂ ಹಳೆಯ ಬಿರುಕುಗಳ ಸಾಲು. ಪಶ್ಚಿಮದಲ್ಲಿ ಸೇಶೆಲ್ಸ್ ಭಾರತದಿಂದ ಕಳಚಿಕೊಳ್ಳಲು ತಯಾರಾಗಿತ್ತು. ಭೂಮಿ ಎಳೆತಕ್ಕೆ ತೆಳುವಾದ ಕಡೆ ಮ್ಯಾಂಟಲ್ ತಾನಾಗಿಯೇ ಮೇಲೆದ್ದು ಕರಗುತ್ತದೆ. ಅದರಲ್ಲಿ ಸುಲಭವಾಗಿ ಕರಗುವ ಹಳೆಯ ಸಿಪ್ಪೆಯ ತುಂಡುಗಳು ಬೆರೆತಿದ್ದರೆ ಇನ್ನೂ ಜಾಸ್ತಿ ಕರಗುತ್ತದೆ. ಕಣ್ಣಿಗೆ ಕಾಣದ ಕಂಬವನ್ನು ಎಲ್ಲದಕ್ಕೂ ನಿಲ್ಲಿಸುವ ಅಗತ್ಯವಿಲ್ಲ.

ಬಸವರಾಜ_ವಿಜಯಪುರ:
“ಕಣ್ಣಿಗೆ ಕಾಣದ” ಅಂದರೇನು? ಲಕ್ಷದ್ವೀಪ, ಮಾಲ್ಡೀವ್ಸ್, ಛಾಗೋಸ್, ಮಾರಿಷಸ್, ರಿಯೂನಿಯನ್. ಭೂಪಟ ತೆಗೆದು ಸಾಲು ನೋಡ್ರಿ. 1987ರಲ್ಲಿ ಹಡಗಿನಿಂದ ಆ ಸಾಲಿನ ತಳ ಕೊರೆದು ಕಲ್ಲು ತೆಗೆದರು. ಮಾಲ್ಡೀವ್ಸ್ ಕಡೆಯದು 5.7 ಕೋಟಿ ವರ್ಷ, ಛಾಗೋಸ್ ಕಡೆಯದು ಸುಮಾರು 4.9 ಕೋಟಿ. ಮಾರಿಷಸ್ ಇನ್ನೂ ಎಳೆಯದು. ರಿಯೂನಿಯನ್‌ನಲ್ಲಿ ಇವತ್ತಿಗೂ ಲಾವಾ ಬರುತ್ತಿದೆ. ದಕ್ಷಿಣಕ್ಕೆ ಹೋದಂತೆ ವಯಸ್ಸು ಇಳಿಯುತ್ತದೆ. ಇದಕ್ಕಿಂತ ಚೆನ್ನಾಗಿ ಇನ್ನೇನು ಕಾಣಬೇಕು?

ಪ್ರಶ್ನೆಕಾರ:
ಸಾಲು ಕಂಡರೆ ಸಾಲು ಇದೆ ಅಂತಷ್ಟೇ ಅರ್ಥ. ಬಿರುಕು ಉತ್ತರದಿಂದ ದಕ್ಷಿಣಕ್ಕೆ ಸರಿಯುತ್ತಾ ಹೋದರೂ ವಯಸ್ಸು ಹೀಗೆಯೇ ಇಳಿಯುತ್ತದೆ.

ಮಲ್ಪೆ_ದೋಣಿ:
ಡೆಕ್ಕನ್ ಅಂದರೆ ಯಾವಾಗಲೂ ಬೆಳಗಾವಿ, ವಿಜಯಪುರ ಮಾತ್ರ ಎಂತಕ್ಕೆ? ನಮ್ಮ ಸೇಂಟ್ ಮೇರೀಸ್ ದ್ವೀಪವನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಬಸಾಲ್ಟ್ ಕಂಬಗಳು ಸಾಲಾಗಿ ನಿಂತಿವೆ. ಐದು ಮೂಲೆ, ಆರು ಮೂಲೆಯವು. ಅದೂ ಇದೇ ಲಾವಾ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಬೇರೆ.

ಶೈಲಾ_ಧಾರವಾಡ:
ಸೇಂಟ್ ಮೇರೀಸ್ ಡೆಕ್ಕನ್‌ಗೆ ಸೇರಿದ್ದಲ್ಲ. ಬಸಾಲ್ಟ್ ಕೂಡ ಅಲ್ಲ. ಅಲ್ಲಿರುವುದು ಹೆಚ್ಚಾಗಿ ಗ್ರಾನೈಟ್ ಮ್ಯಾಗ್ಮಾ ಹೊರಗೆ ಹರಿದರೆ ಆಗುವ ರಯೋಲೈಟ್, ಅದಕ್ಕೆ ಹತ್ತಿರದ ಡೇಸೈಟ್ ಜಾತಿಯ ಕಲ್ಲು.

ಮಲ್ಪೆ_ದೋಣಿ:
ಇದೆಂತ ಮಾರಾಯ್ರೇ? ಪ್ರವಾಸದ ಪುಟ ಯಾವುದನ್ನೇ ತೆಗೆದರೂ “ಬಸಾಲ್ಟ್ ಶಿಲೆ” ಎಂದೇ ಇದೆ. ನಾವು ಜನರನ್ನು ಕರೆದುಕೊಂಡು ಹೋಗಿ ಅದನ್ನೇ ಹೇಳುತ್ತೇವೆ. ಕಪ್ಪು ಕಲ್ಲು, ಕಂಬದ ಆಕಾರ, ಲಾವಾದಿಂದ ಆಗಿದ್ದು. ಇನ್ನೇನು ಬೇಕು ಬಸಾಲ್ಟ್ ಅನ್ನಲಿಕ್ಕೆ?

ಶೈಲಾ_ಧಾರವಾಡ:
ಕಂಬ ಆಗುವುದು ಲಾವಾ ತಣಿಯುವಾಗ ಕುಗ್ಗುವುದರಿಂದ. ಯಾವ ಜಾತಿಯ ಲಾವಾ ಆದರೂ ಆಗುತ್ತದೆ. ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಬಸಾಲ್ಟ್. ಅಮೆರಿಕದ ಡೆವಿಲ್ಸ್ ಟವರ್ ಫೋನೊಲೈಟ್. ಎರಡರಲ್ಲೂ ಕಂಬ ಇದೆ. ಬಣ್ಣದ ಮಾತೂ ಅಷ್ಟೇ. ಅಬ್ಸಿಡಿಯನ್ ಎಂಬ ಲಾವಾ ಗಾಜಿನಷ್ಟು ಕಪ್ಪು ಕಲ್ಲು ಇನ್ನೊಂದಿಲ್ಲ, ಅದರಲ್ಲಿ ಸಿಲಿಕಾ, ಅಂದರೆ ಮರಳಿನ ಮುಖ್ಯ ವಸ್ತು, ನೂರಕ್ಕೆ 70ಕ್ಕೂ ಜಾಸ್ತಿ. ಜಾತಿ ಗೊತ್ತಾಗುವುದು ಸಿಲಿಕಾದಿಂದ. ಬಸಾಲ್ಟ್‌ನಲ್ಲಿ ನೂರಕ್ಕೆ 45ರಿಂದ 52. ಸೇಂಟ್ ಮೇರೀಸ್ ಕಲ್ಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು.

ಬಸವರಾಜ_ವಿಜಯಪುರ:
ಇದೊಂದರಲ್ಲಿ ಶೈಲಾ ಅವರ ಮಾತು ಸರಿ. ಡೆಕ್ಕನ್ ಅಂದರೆ ಬಸಾಲ್ಟ್. ನಮ್ಮ ಲಾವಾ ಮಲ್ಪೆವರೆಗೆ ಬಂದೇ ಇಲ್ಲ.

ಮಲ್ಪೆ_ದೋಣಿ:
“ನಮ್ಮ ಲಾವಾ” ಅಂತೆ! ಲಾವಾಕ್ಕೂ ಜಿಲ್ಲೆ ಇದೆಯಾ? ರಾಜಮಂಡ್ರಿವರೆಗೆ ಡೆಕ್ಕನ್ ಲಾವಾ ಹರಿದಿದೆ ಎಂದು ನೀವೇ ಈ ಗುಂಪಿನಲ್ಲಿ ಹೋದ ತಿಂಗಳು ಬರೆದಿದ್ದೀರಿ. ಪಶ್ಚಿಮ ಘಟ್ಟದಿಂದ ಅಲ್ಲಿಗೆ ಎಷ್ಟು ದೂರ! ಅಷ್ಟು ದೂರ ಹೋದದ್ದು ಬೆಳಗಾವಿಯಿಂದ ಮಲ್ಪೆಗೆ ಬರಲಿಕ್ಕೆ ಆಗುವುದಿಲ್ಲವಾ?

ಬಸವರಾಜ_ವಿಜಯಪುರ:
ರಾಜಮಂಡ್ರಿಯದು ಬಸಾಲ್ಟ್ ರೀ. ವಯಸ್ಸೂ ಡೆಕ್ಕನ್‌ನದೇ. ನದಿ ಕಣಿವೆ ಹಿಡಿದು ಹರಿದಿದೆ. ಬಸಾಲ್ಟ್ ಲಾವಾ ತೆಳು, ದೂರ ಹರಿಯುತ್ತದೆ. ರಯೋಲೈಟ್ ಲಾವಾ ಗಟ್ಟಿ ಅಂಟು, ಹುಟ್ಟಿದಲ್ಲೇ ಕೂರುತ್ತದೆ. ಬೆಳಗಾವಿಯಿಂದ ಮಲ್ಪೆಗೆ ನೇರ ಗೆರೆ ಎಳೆದರೂ 250 ಕಿ.ಮೀ. ದಾಟುತ್ತದೆ.

ಶೈಲಾ_ಧಾರವಾಡ:
ವಯಸ್ಸೇ ಬೇರೆ. ಸೇಂಟ್ ಮೇರೀಸ್ ಕಲ್ಲನ್ನು ಅಳೆದ ವಿಧಾನಕ್ಕೆ ತಕ್ಕಂತೆ 8.5 ಕೋಟಿಯಿಂದ 9.3 ಕೋಟಿ ವರ್ಷ ಬರುತ್ತದೆ. ಕಡಿಮೆ ಅಂಕಿ ಹಿಡಿದರೂ ಡೆಕ್ಕನ್‌ಗಿಂತ ಸುಮಾರು ಎರಡು ಕೋಟಿ ವರ್ಷ ಹಳೆಯದು. ಅದು ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲ. ಮಡಗಾಸ್ಕರ್‌ನ ಪೂರ್ವ ಕರಾವಳಿಯಲ್ಲೂ ಅದೇ ಕಾಲದ ಬಸಾಲ್ಟ್, ರಯೋಲೈಟ್ ಎರಡೂ ಇವೆ.

ಮಲ್ಪೆ_ದೋಣಿ:
ನೋಡಿ! “ಮಡಗಾಸ್ಕರ್‌ನಲ್ಲಿ ಬಸಾಲ್ಟ್” ಅಂತ ನಿಮ್ಮ ಬಾಯಿಂದಲೇ ಬಂತು. ಅದೇ ನೆಲದ ಇನ್ನೊಂದು ತುಂಡು ನಮ್ಮದು. ಅಲ್ಲಿ ಬಸಾಲ್ಟ್ ಇದ್ದರೆ ಇಲ್ಲಿ ಎಂತಕ್ಕೆ ಇರಬಾರದು?

ಶೈಲಾ_ಧಾರವಾಡ:
“ರಯೋಲೈಟ್ ಎರಡೂ” ಅಂತ ಬರೆದಿದ್ದು ಕಾಣಲಿಲ್ಲವೇ?

ಪ್ರಶ್ನೆಕಾರ:
ಬಸವರಾಜ್ ಸರ್ “ಡೆಕ್ಕನ್ ಅಂದರೆ ಬಸಾಲ್ಟ್” ಎಂದು ಬರೆದು ದಾಟಿಹೋದರು. ಗುಜರಾತಿನ ಪಾವಾಗಢ ಬೆಟ್ಟದ ತಲೆಯ ಮೇಲೆ ರಯೋಲೈಟ್ ಇದೆ. ಅದು ಡೆಕ್ಕನ್‌ಗೆ ಸೇರಿದ್ದೇ. ಮುಂಬೈ ಸುತ್ತಲೂ ಇದೆ. ಅವರ ಒಂದೇ ಪ್ಲೂಮ್‌ನ ಒಂದೇ ಲಾವಾ ಎಲ್ಲಿ ಹೋಯಿತು?

ಬಸವರಾಜ_ವಿಜಯಪುರ:
ನೂರಕ್ಕೆ ಎಷ್ಟು ಅದು? ಒಂದು ಬೆಟ್ಟದ ತಲೆ ಹಿಡಿದು ಅರ್ಧ ದೇಶದ ಕರಿಕಲ್ಲನ್ನು ಅಳೆಯುತ್ತೀರಾ?

ಪ್ರಶ್ನೆಕಾರ:
ಪ್ರಮಾಣ ನಾನು ಕೇಳಲಿಲ್ಲ. ಇದೆಯೋ ಇಲ್ಲವೋ?

ಬಸವರಾಜ_ವಿಜಯಪುರ:
ಇದೆ ರೀ, ಇದೆ. ಇರಲೇಬೇಕು. ಬಸಾಲ್ಟ್ ಮ್ಯಾಗ್ಮಾ ಸಿಪ್ಪೆಯೊಳಗೆ ನಿಂತು ತಣಿಯುವಾಗ ಮೊದಲು ಆಲಿವಿನ್, ಪೈರಾಕ್ಸೀನ್ ಎಂಬ ಖನಿಜಗಳು ಹರಳುಗಟ್ಟಿ ಕೆಳಗೆ ಕೂರುತ್ತವೆ. ಅವುಗಳಲ್ಲಿ ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ, ಸಿಲಿಕಾ ಕಡಿಮೆ. ಆದ್ದರಿಂದ ಉಳಿದ ದ್ರವದಲ್ಲಿ ಸಿಲಿಕಾ ಏರುತ್ತಾ ಹೋಗುತ್ತದೆ. ಕೊನೆಗೆ ಉಳಿಯುವ ಅಷ್ಟಿಷ್ಟು ದ್ರವವೇ ರಯೋಲೈಟ್. ಭೂವಿಜ್ಞಾನಿ ನಾರ್ಮನ್ ಬೋವೆನ್ ವಾಷಿಂಗ್ಟನ್‌ನ ಕಾರ್ನೆಗಿ ಪ್ರಯೋಗಾಲಯದಲ್ಲಿ ಕುಲುಮೆ ಇಟ್ಟು ಇದನ್ನು ತೋರಿಸಿ ನೂರು ವರ್ಷ ದಾಟಿತು. ನೀವು ಹೊಸದಾಗಿ ಕಂಡುಹಿಡಿದವರ ಹಾಗೆ ಕೇಳುತ್ತೀರಿ.

ಮಲ್ಪೆ_ದೋಣಿ:
ಅಂದರೆ ರಯೋಲೈಟ್ ಬಸಾಲ್ಟ್‌ನಿಂದಲೇ ಬಂದದ್ದು. ನಾನು ಹೇಳಿದ್ದೂ ಅದೇ. ಮೂಲ ಬಸಾಲ್ಟ್ ಅಂತ ಬಸವರಾಜ್ ಸರ್ ಒಪ್ಪಿದ್ದಾರೆ.

ಬಸವರಾಜ_ವಿಜಯಪುರ:
ನಾನು ಏನೂ ಒಪ್ಪಿಲ್ಲ.

ಶೈಲಾ_ಧಾರವಾಡ:
ಬೋವೆನ್ ಹೆಸರು ಬಂದಿದ್ದು ಒಳ್ಳೆಯದಾಯಿತು. ಆದರೆ ಸೇಂಟ್ ಮೇರೀಸ್‌ಗೆ ಅದನ್ನು ಹಾಗೇ ಅಂಟಿಸಬೇಡಿ. ಆ ದಾರಿಯಲ್ಲಿ ಒಂದು ಪಾಲು ರಯೋಲೈಟ್ ಸಿಗಬೇಕಾದರೆ ಸುಮಾರು ಹತ್ತು ಪಾಲು ಬಸಾಲ್ಟ್ ಬೇಕು. ಆ ದ್ವೀಪಗಳ ಮೇಲೆ ಅಷ್ಟು ಬಸಾಲ್ಟ್ ಎಲ್ಲಿದೆ? ಇನ್ನೊಂದು ದಾರಿಯನ್ನು ನಾನು ಮೊದಲೇ ಬರೆದಿದ್ದೇನೆ. ಬಿಸಿ ಬಸಾಲ್ಟ್ ಮೇಲೆ ಬರದೆ ಸಿಪ್ಪೆಯ ತಳದಲ್ಲೇ ನಿಂತು, ಅದರ ಶಾಖಕ್ಕೆ ಹಳೆಯ ಸಿಪ್ಪೆ ಕರಗುವುದು. ಖಂಡ ಸೀಳುವಾಗ ಇದು ಸಹಜ. ಎರಡರಲ್ಲೂ ಬಸಾಲ್ಟ್ ಇದೆ. ಆದರೆ ಒಂದರಲ್ಲಿ ಅದು ಹೆತ್ತದ್ದು, ಇನ್ನೊಂದರಲ್ಲಿ ಬರೀ ಬೆಂಕಿ ಕೊಟ್ಟದ್ದು.

ಕೋಲಾರ_ಗಣಿಮಗ:
“ಶಾಖಕ್ಕೆ ಸಿಪ್ಪೆ ಕರಗುವುದು.” ಮೊದಲ ಪೋಸ್ಟ್‌ನಲ್ಲಿ ಶಾಖ ಏರಬೇಕಾಗಿಯೂ ಇಲ್ಲ ಅಂತ ಇತ್ತು. ಈಗ ಬೆಂಕಿ ಕೊಟ್ಟಿತಂತೆ. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಶೈಲಾ_ಧಾರವಾಡ:
“ಬಹುಪಾಲು ಕಡೆ” ಎನ್ನುವ ಎರಡು ಪದ ಸ್ಕ್ರೀನ್‌ಶಾಟ್‌ನಲ್ಲಿ ಬಂದಿಲ್ಲವೇ? ಮೂರನೆಯ ದಾರಿ ಶಾಖದ್ದು ಎಂದು ಅಲ್ಲೇ ಇದೆ. ಪೂರ್ತಿ ಓದಿ ಬನ್ನಿ ಸರ್, ಆಮೇಲೆ ಮಾತಾಡೋಣ.

ಕೋಲಾರ_ಗಣಿಮಗ:
ನನಗೆ ಓದಲು ಬರುವುದಿಲ್ಲ ಅಂತ ಹೇಳುತ್ತಿದ್ದೀರಾ? ಗಣಿ ಕಾರ್ಮಿಕನ ಮಗನಿಗೆ ಕಲ್ಲಿನ ಬಿಸಿ ಹೇಳಿಕೊಡಬೇಕಾಗಿಲ್ಲ. ರಾಮನಗರದ ಬೆಟ್ಟಗಳನ್ನೇ ತೆಗೆದುಕೊಳ್ಳಿ. ಹಿಂದೆ ಆ ಊರಿಗೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಅದಕ್ಕೇ ಕ್ಲೋಸ್‌ಪೇಟ್ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯದು. ಉತ್ತರ ದಕ್ಷಿಣವಾಗಿ ನೂರಾರು ಕಿ.ಮೀ. ಉದ್ದ, ಸಾವನದುರ್ಗವೂ ಅದರಲ್ಲೇ. ಅಷ್ಟು ಗ್ರಾನೈಟ್ ಕರಗಿದ್ದು ಯಾವ ಒತ್ತಡ ಇಳಿದು? ಶಾಖ ಬೇಕೇ ಬೇಕು. ಇಷ್ಟೇ ನನ್ನ ವಾದ.

ಆಕ್ಲೆಂಡ್_ರವಿ:
ಸೇಂಟ್ ಮೇರೀಸ್ ಜಗಳಕ್ಕೆ ಒಂದು ಮಾಹಿತಿ. ನಾನಿರುವ ಆಕ್ಲೆಂಡ್ ನಗರ ಕೂತಿರುವುದೇ ಐವತ್ತರಷ್ಟು ಸಣ್ಣ ಜ್ವಾಲಾಮುಖಿಗಳ ಮೇಲೆ. ಎಲ್ಲವೂ ಬಸಾಲ್ಟ್. ಕೊನೆಯದು ರಂಗಿಟೊಟೊ, ಸುಮಾರು 600 ವರ್ಷದ ಹಿಂದಿನದು. ಕಾರಿನಲ್ಲಿ ಕೆಲವು ಗಂಟೆ ದಕ್ಷಿಣಕ್ಕೆ ಹೋದರೆ ಟೌಪೊ ಸರೋವರ. ಅದು ರಯೋಲೈಟ್ ಜ್ವಾಲಾಮುಖಿಯ ಗುಂಡಿ. ಸುಮಾರು 25,500 ವರ್ಷದ ಹಿಂದೆ ಅದು ಸಿಡಿದ ಲೆಕ್ಕವೇ ಬೇರೆ. ಅಲ್ಲಿ ಪೆಸಿಫಿಕ್ ಪ್ಲೇಟ್ ಕೆಳಗೆ ಜಾರುತ್ತಿದೆ, ನೀರು ಬರುತ್ತಿದೆ, ಮೇಲಿನ ಸಿಪ್ಪೆ ಎಳೆತಕ್ಕೆ ತೆಳುವಾಗುತ್ತಿದೆ, ಕರಗುತ್ತಲೂ ಇದೆ. ಒಂದೇ ದ್ವೀಪದಲ್ಲಿ ಎರಡೂ ಜಾತಿ.

ಇನ್ನೊಂದು. ಐಸ್‌ಲ್ಯಾಂಡ್ ಅಂದರೆ ಬಸಾಲ್ಟ್ ನಾಡು. 2009ರಲ್ಲಿ ಅಲ್ಲಿನ ಕ್ರಾಫ್ಲಾ ಜ್ವಾಲಾಮುಖಿ ಪ್ರದೇಶದಲ್ಲಿ ಬಿಸಿ ನೀರಿಗಾಗಿ ಬಾವಿ ಕೊರೆಯುವಾಗ ಸುಮಾರು 2.1 ಕಿ.ಮೀ. ಆಳದಲ್ಲಿ ಡ್ರಿಲ್ ನೇರ ಮ್ಯಾಗ್ಮಾಕ್ಕೇ ಬಿತ್ತು. ಆ ಮ್ಯಾಗ್ಮಾ ರಯೋಲೈಟ್ ಆಗಿತ್ತು.

ಮಲ್ಪೆ_ದೋಣಿ:
ನ್ಯೂಜಿಲೆಂಡ್, ಐಸ್‌ಲ್ಯಾಂಡ್ ಎಲ್ಲ ಬಂತು. ಮಲ್ಪೆಗೆ ಬಂದು ಕಲ್ಲು ಮುಟ್ಟಿದವರು ಇಲ್ಲಿ ಎಷ್ಟು ಜನ?

ಕೋಲಾರ_ಗಣಿಮಗ:
“ಡ್ರಿಲ್ ನೇರ ಮ್ಯಾಗ್ಮಾಕ್ಕೇ ಬಿತ್ತು.” ಎರಡೇ ಕಿಲೋಮೀಟರ್‌ಗೆ! ಮತ್ತೆ ಕೆಳಗೆ ಗಟ್ಟಿ ಕಲ್ಲು ಅಂತೀರಿ.

ಆಕ್ಲೆಂಡ್_ರವಿ:
ಐಸ್‌ಲ್ಯಾಂಡ್‌ನಲ್ಲಿ ಬಾವಿಗಳಿಗೆ ಲೆಕ್ಕವಿಲ್ಲ. ಎಲ್ಲದರಲ್ಲೂ ಮ್ಯಾಗ್ಮಾ ಸಿಕ್ಕಿದ್ದರೆ ಆ ಬಾವಿ ಸುದ್ದಿಯೇ ಆಗುತ್ತಿರಲಿಲ್ಲ. ಸಮುದ್ರ ಇದ್ದರೆ ಎಲ್ಲಿ ಕೊರೆದರೂ ಸಿಗಬೇಕು.

ಶೈಲಾ_ಧಾರವಾಡ:
ಮಲ್ಪೆಯವರಿಗೆ: ಮುಟ್ಟಿದರೆ ಸಿಲಿಕಾ ಗೊತ್ತಾಗುವುದಿಲ್ಲ. ತೆಳುವಾಗಿ ಸವೆಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಖನಿಜ ಕಾಣುತ್ತದೆ, ಪ್ರಯೋಗಾಲಯಕ್ಕೆ ಕೊಟ್ಟರೆ ರಾಸಾಯನಿಕ ಲೆಕ್ಕ ಬರುತ್ತದೆ. ಇದನ್ನು 1960ರ ದಶಕದಿಂದ ಮಾಡಿದ್ದಾರೆ.

ಮಲ್ಪೆ_ದೋಣಿ:
ಹುಟ್ಟಿದಾಗಿನಿಂದ ಆ ಕಲ್ಲಿನ ಮೇಲೆ ನಡೆದವರ ಮಾತಿಗೆ ಬೆಲೆ ಇಲ್ಲ, ಸೂಕ್ಷ್ಮದರ್ಶಕಕ್ಕೆ ಬೆಲೆ. ಆಗಲಿ. ಆದರೆ ಒಂದು ಹೇಳುತ್ತೇನೆ. ರಯೋಲೈಟ್ ಅಂಟು ಲಾವಾ, ಹುಟ್ಟಿದಲ್ಲೇ ಕೂರುತ್ತದೆ ಎಂದು ಬಸವರಾಜ್ ಸರ್ ಬರೆದರು. ಹಾಗಾದರೆ ನಮ್ಮ ದ್ವೀಪವೇ ಜ್ವಾಲಾಮುಖಿಯ ಬಾಯಿ ಆಗಿರಬೇಕು. ಡೆಕ್ಕನ್‌ನ ತುದಿಗೆ ಬಿದ್ದ ಚೂರು ಅನ್ನುವುದಕ್ಕಿಂತ ಇದು ದೊಡ್ಡ ಮಾತು. ಅದನ್ನಾದರೂ ಒಪ್ಪುತ್ತೀರಾ?

ಬಸವರಾಜ_ವಿಜಯಪುರ:
ಈಗ ರಯೋಲೈಟ್ ಅಂತ ನೀವೇ ಬರೆದಿರಿ. ಅಲ್ಲಿಗೆ ಮುಗಿಯಿತು.

ಮಲ್ಪೆ_ದೋಣಿ:
ನಿಮ್ಮ ಮಾತನ್ನು ಹೇಳಿದ್ದು, ನನ್ನದಲ್ಲ! ನಾಡಿದ್ದು ದೋಣಿ ಹೊರಟಾಗಲೂ ನಾನು ಬಸಾಲ್ಟ್ ಎಂದೇ ಹೇಳುವವನು.

ಶೈಲಾ_ಧಾರವಾಡ:
ದಯವಿಟ್ಟು ಹೇಳಬೇಡಿ. ಶಾಲೆಯ ಮಕ್ಕಳು ನಿಮ್ಮ ದೋಣಿಯಲ್ಲಿ ಬರುತ್ತಾರೆ. ಅವರಿಗೆ “ಇದು ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡಾಗ ಹರಿದ ಲಾವಾ” ಎಂದು ಹೇಳಿ ನೋಡಿ, ಕಣ್ಣರಳಿಸಿ ಕೇಳುತ್ತಾರೆ. ನಿಜವೇ ಇಷ್ಟು ದೊಡ್ಡದಿರುವಾಗ ತಪ್ಪು ಹೆಸರು ಯಾಕೆ ಬೇಕು?

ನಿರ್ವಾಹಕರು:
ಚರ್ಚೆ ಶುರುವಾಗಿದ್ದು ಮ್ಯಾಗ್ಮಾ ಹೇಗೆ ಆಗುತ್ತದೆ ಎಂಬುದರಿಂದ. ಸೇಂಟ್ ಮೇರೀಸ್‌ಗೆ ಬೇರೆ ಪೋಸ್ಟ್ ಹಾಕಿ. ಯಾರ ತಂದೆ, ಯಾರ ಊರು, ಯಾರಿಗೆ ಓದಲು ಬರುತ್ತದೆ ಎನ್ನುವ ಮಾತು ಸಾಕು.

ಪ್ರಶ್ನೆಕಾರ:
ಮೂಲ ವಿಷಯಕ್ಕೇ ಬರುತ್ತೇನೆ. ಶೈಲಾ ಅವರ ನೀರಿನ ಸೂತ್ರ: ಪ್ಲೇಟ್ ಕೆಳಗೆ ಜಾರಿದರೆ ನೀರು, ನೀರಿದ್ದರೆ ಜ್ವಾಲಾಮುಖಿ. ಹಿಮಾಲಯದಲ್ಲೂ ಭಾರತ ಕೆಳಗೆ ಜಾರುತ್ತಿದೆ. ಎವರೆಸ್ಟ್ ಪಕ್ಕ ಎಷ್ಟು ಜ್ವಾಲಾಮುಖಿ ಇವೆ?

ಶೈಲಾ_ಧಾರವಾಡ:
ಒಂದೂ ಇಲ್ಲ, ಮತ್ತು ಅದೇ ನನ್ನ ಪರವಾದ ಸಾಕ್ಷಿ. ಎರಡು ಖಂಡ ಗುದ್ದುವ ಮುಂಚೆ ಅಲ್ಲಿ ಟೆಥಿಸ್ ಸಾಗರದ ತಳ ಜಾರುತ್ತಿತ್ತು. ಸಾಗರದ ತಳದಲ್ಲಿ ನೀರು ತುಂಬಿದ ಖನಿಜ ಬೇಕಾದಷ್ಟು. ಆಗ ಮ್ಯಾಗ್ಮಾ ಧಾರಾಳವಾಗಿ ಆಯಿತು. ಲೇಹ್ ಪಟ್ಟಣದ ಸುತ್ತ ಕಾಣುವ ಲಡಾಖ್‌ನ ಗ್ರಾನೈಟ್ ಸಾಲು ಆ ಕಾಲದ್ದು. ಸಾಗರ ಮುಗಿದ ಮೇಲೆ ಕೆಳಗೆ ಹೋದದ್ದು ಖಂಡದ ಸಿಪ್ಪೆ. ಅದು ಹಗುರ, ಆಳಕ್ಕೆ ಮುಳುಗಿ ಮ್ಯಾಂಟಲ್‌ಗೆ ನೀರು ಕೊಡುವುದಿಲ್ಲ. ಮೇಲೆ ದಪ್ಪವಾಯಿತು ಅಷ್ಟೇ, ಸುಮಾರು 70 ಕಿ.ಮೀ.ವರೆಗೆ. ಆ ದಪ್ಪ ಸಿಪ್ಪೆಯೊಳಗೇ ಅಭ್ರಕದಂಥ ಖನಿಜ ಒಡೆದು ಸ್ವಲ್ಪ ಮ್ಯಾಗ್ಮಾ ಆಯಿತು. ಸುಮಾರು 2 ಕೋಟಿ ವರ್ಷದ ಹಿಂದಿನ ಬಿಳಿ ಗ್ರಾನೈಟ್. ಮನಾಸ್ಲು ಅದೇ ಕಲ್ಲು, ಎವರೆಸ್ಟ್ ಪಕ್ಕದ ನುಪ್ಟ್ಸೆಯಲ್ಲೂ ಅದೇ. ಅಂಟು ಜಾಸ್ತಿ, ಮೇಲಿನವರೆಗೆ ಬರದೆ ಒಳಗೇ ಗಟ್ಟಿಯಾಯಿತು.

ಪ್ರಶ್ನೆಕಾರ:
“ಸ್ವಲ್ಪ ಮ್ಯಾಗ್ಮಾ” ಅಂದಿರಿ. ಹಾಗಾದರೆ ಪ್ಲೇಟ್ ಗಡಿ ನೋಡಿ ಮ್ಯಾಗ್ಮಾದ ಜಾತಿ ಹೇಳುವ ನಿಮ್ಮ ಸೂತ್ರಕ್ಕೆ ವಿನಾಯಿತಿ ಮೇಲೆ ವಿನಾಯಿತಿ. ಅಂಡಮಾನ್‌ನಲ್ಲೇ ನೋಡಿ. ಬ್ಯಾರನ್ 1991ರಿಂದ ಮತ್ತೆ ಉಗುಳುತ್ತಿದೆ. ಅಲ್ಲಿನದು ಹೆಚ್ಚಾಗಿ ಬಸಾಲ್ಟ್. ಅದರ ಉತ್ತರಕ್ಕೆ 130 ಕಿ.ಮೀ. ಹೋದರೆ ನಾರ್ಕೊಂಡಮ್ ಎಂಬ ಜ್ವಾಲಾಮುಖಿ ದ್ವೀಪ. ಅಲ್ಲಿ ಬಸಾಲ್ಟ್‌ಗಿಂತ ಸಿಲಿಕಾ ಜಾಸ್ತಿ ಇರುವ ಆಂಡಿಸೈಟ್, ಡೇಸೈಟ್. ಗಡಿ ಒಂದೇ, ನೀರು ಒಂದೇ, ಕಲ್ಲು ಬೇರೆ.

ಶೈಲಾ_ಧಾರವಾಡ:
ಗಡಿ ಹೇಳುವುದು ಮ್ಯಾಗ್ಮಾ ಹೇಗೆ ಹುಟ್ಟಿತು ಎಂದು ಮಾತ್ರ. ಹುಟ್ಟಿದ ಮೇಲೆ ಅದು ದಾರಿಯಲ್ಲಿ ಎಷ್ಟು ಹೊತ್ತು ನಿಂತಿತು, ಎಷ್ಟು ಹರಳು ಬಿಟ್ಟಿತು, ಸುತ್ತಲಿನ ಕಲ್ಲನ್ನು ಎಷ್ಟು ಕರಗಿಸಿ ಸೇರಿಸಿಕೊಂಡಿತು, ಅದು ಎರಡನೇ ಕಥೆ. ಡೆಕ್ಕನ್‌ನಲ್ಲೇ ಇದಕ್ಕೆ ಉದಾಹರಣೆ ಇದೆ. ಪಶ್ಚಿಮ ಘಟ್ಟದ ಲಾವಾ ಪದರಗಳಲ್ಲಿ ಕೆಳಗಿನ ಬುಷೆ ಪದರದ ಬಸಾಲ್ಟ್ ಖಂಡದ ಸಿಪ್ಪೆಯನ್ನು ಚೆನ್ನಾಗಿ ಬೆರೆಸಿಕೊಂಡಿದೆ. ಮೇಲಿನ ಅಂಬೇನಳಿ ಪದರ ಹೆಚ್ಚುಕಡಿಮೆ ಶುದ್ಧ. ಒಂದೇ ಘಾಟಿ ರಸ್ತೆ ಹತ್ತುವಾಗ ಎರಡೂ ಸಿಗುತ್ತವೆ.

ಬಸವರಾಜ_ವಿಜಯಪುರ:
ಅಂಬೇನಳಿ ಶುದ್ಧ ಅಂದಿರಿ. ಅಲ್ಲೇ ಪ್ರಶ್ನೆಕಾರರ ಬಿರುಕಿನ ಕಥೆ ಬೀಳುತ್ತದೆ. ಶುದ್ಧ ಲಾವಾ ಅಷ್ಟು ರಭಸದಿಂದ ಬರಬೇಕಾದರೆ ಕೆಳಗೆ ಜಾಸ್ತಿ ಬಿಸಿ ಇರಲೇಬೇಕು. ಇನ್ನೊಂದು. ಸೇಶೆಲ್ಸ್ ಕಡೆಗೆ ಹೊಸ ಸಾಗರ ಸರಿಯಾಗಿ ತೆರೆದದ್ದು ಸುಮಾರು 6.3 ಕೋಟಿ ವರ್ಷದ ಹಿಂದೆ. ನಮ್ಮ ಲಾವಾ ಹರಿದದ್ದು 6.6 ಕೋಟಿಗೆ. ಲಾವಾ ಮೊದಲು, ಸೀಳಿದ್ದು ಆಮೇಲೆ. ಬಿರುಕು ಕಾರಣ ಹೇಗಾಗುತ್ತದೆ?

ಪ್ರಶ್ನೆಕಾರ:
ಸೀಳು ಪೂರ್ತಿಯಾದ ತಾರೀಕು ನೀವು ಹೇಳುತ್ತಿದ್ದೀರಿ. ನೆಲ ಎಳೆತಕ್ಕೆ ಸಿಕ್ಕಿ ತೆಳುವಾಗುವುದು ಅದಕ್ಕೂ ಎಷ್ಟೋ ಮೊದಲು ಶುರುವಾಗುತ್ತದೆ. ಖಂಭಾತ್, ನರ್ಮದಾ ಬಿರುಕುಗಳು ಲಾವಾಕ್ಕಿಂತ ಹಳೆಯವು ಎಂದು ಆಗಲೇ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಬಸವರಾಜ_ವಿಜಯಪುರ:
ಬಿರುಕು ಇತ್ತು, ಯಾರು ಇಲ್ಲ ಅಂದರು? ಅದು ಬರೀ ದಾರಿ. ಕೋಟ್ಯಂತರ ವರ್ಷ ಸುಮ್ಮನಿದ್ದ ಬಿರುಕಿನಲ್ಲಿ ಅದೇ 10 ಲಕ್ಷ ವರ್ಷದಲ್ಲಿ ಲಾವಾ ನುಗ್ಗಿದ್ದು ಯಾಕೆ? ಅದನ್ನು ಹೇಳಿ ಮೊದಲು.

ಕೋಲಾರ_ಗಣಿಮಗ:
ಬಸವರಾಜ್ ಸರ್ “ಕೆಳಗೆ ಜಾಸ್ತಿ ಬಿಸಿ ಇರಲೇಬೇಕು” ಅಂದದ್ದನ್ನು ಶೈಲಾ ಮೇಡಂ ಗಮನಿಸಲಿ. ಮ್ಯಾಂಟಲ್‌ನ ಮೇಲ್ಭಾಗದಲ್ಲಿ ಎಸ್ ಅಲೆ ನಿಧಾನವಾಗುವ ಪದರ ಇದೆ, ಅಲ್ಲಿ ಸ್ವಲ್ಪ ದ್ರವ ಇದೆ ಅನ್ನುವವರು ನಿಮ್ಮ ವಿಜ್ಞಾನಿಗಳೇ. ಅದಕ್ಕೆ ಏನಂತೀರಿ?

ಶೈಲಾ_ಧಾರವಾಡ:
ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ದ್ರವ ಇದ್ದರೂ ನೂರಕ್ಕೆ ಒಂದೆರಡು ಪಾಲು, ಹರಳುಗಳ ಸಂದಿಯಲ್ಲಿ. ಅದನ್ನು ಸಮುದ್ರ ಅನ್ನಲು ಬರುವುದಿಲ್ಲ. 2,900 ಕಿ.ಮೀ. ಕೆಳಗೆ ಹೊರ ಗರ್ಭದಲ್ಲಿ ನಿಜವಾದ ದ್ರವ ಇದೆ, ಎಸ್ ಅಲೆ ಅಲ್ಲಿ ನಿಂತೇ ಹೋಗುತ್ತದೆ. ಅದು ಕರಗಿದ ಕಬ್ಬಿಣ. ಯಾವ ಜ್ವಾಲಾಮುಖಿಯಿಂದಲೂ ಅದು ಹೊರಗೆ ಹರಿದಿಲ್ಲ.

ಕೋಲಾರ_ಗಣಿಮಗ:
ಒಂದೆರಡು ಪಾಲು ಅಂದರೂ ದ್ರವ ದ್ರವವೇ. ನೂರಾರು ಕಿ.ಮೀ. ದಪ್ಪದ ಪದರದಲ್ಲಿ ಒಂದೆರಡು ಪಾಲು ಎಷ್ಟಾಯಿತು ಲೆಕ್ಕ ಹಾಕಿ ಹೇಳಿ.

ಮಲ್ಪೆ_ದೋಣಿ:
ನಿರ್ವಾಹಕರು ಹೇಳಿದ ಹಾಗೆ ಸೇಂಟ್ ಮೇರೀಸ್‌ಗೆ ಬೇರೆ ಪೋಸ್ಟ್ ಹಾಕಿದ್ದೇನೆ. ಹೆಸರು “ಸೇಂಟ್ ಮೇರೀಸ್ ಬಸಾಲ್ಟ್ ಕಂಬಗಳು”. ಹತ್ತಿರದಿಂದ ತೆಗೆದ ಫೋಟೋಗಳೂ ಇವೆ. ತಾಕತ್ತಿದ್ದವರು ಅಲ್ಲಿಗೆ ಬನ್ನಿ.